ಒಂದು ಕಲ್ಲು ಹೆಚ್ಚು

ಆ ಭಾನುವಾರದ ರಾದ್ಧಾಂತಕ್ಕೆಲ್ಲ ಕಾರಣ ಒಂದು ಪ್ಯಾಕೆಟ್ಟು. ಅಂಗೈಯಗಲದ್ದು, ಒಳಗೆ ಐದು ಆಟದ ಕಾರ್ಡು. ಏಕಾಂತಪ್ಪ ಅದನ್ನು ಗಲ್ಲಾದ ಕೆಳಗೆ, ಗೋಂದಿನ ಬಾಟಲಿಗಳ ಹಿಂದೆ ಬಚ್ಚಿಟ್ಟು ಹಿತ್ತಿಲ ಮನೆಗೆ ಸ್ನಾನಕ್ಕೆ ಹೋಗಿದ್ದ. ಮಿಂದು, ವಿಭೂತಿ ಹಚ್ಚಿಕೊಂಡು, ಅಂಗಡಿಗೆ ಬಂದು ಕೈಹಾಕಿದರೆ ಗೋಂದಿನ ಬಾಟಲಿಗಳಿದ್ದವು, ಪ್ಯಾಕೆಟ್ಟು ಇರಲಿಲ್ಲ.

“ಶೈಲಾ, ಇಲ್ಲೊಂದು ಪ್ಯಾಕೆಟ್ ಇತ್ತಲ್ಲ?”

“ಮಾರಿದೆ,” ಎಂದಳು ಹೆಂಡತಿ, ಪೇಪರಿನಿಂದ ತಲೆ ಎತ್ತದೆ. “ಗಿರಾಕಿ ಬಂದು ಕೇಳಿದ್ರು. ಡಬ್ಬಿ ಖಾಲಿ ಆಗಿತ್ತು. ಹುಡುಕಿದೆ, ಸಿಕ್ತು, ಕೊಟ್ಟೆ. ಅಂಗಡಿ ಅಂದ ಮ್ಯಾಲ ಮಾರಾಕ ಅಲ್ಲೇನ್ರಿ ಕುಂತಿರೋದು?”

“ಯಾವ ಗಿರಾಕಿ?”

“ಎದುರಗಡೆ ಕ್ರಾಂತಿಕುಮಾರ್ ಅವರು. ಎಷ್ಟು ಸಮಾಧಾನದ ಮನಷ್ಯಾರು ಅಂತೀನಿ. ಹುಡುಕೋತನ ಸುಮ್ಮಕ ನಿಂತಿದ್ರು. ನೀವಾಗಿದ್ರ ಮೂರು ಸಲ ಕೂಗ್ತಿದ್ರಿ.”

ಏಕಾಂತಪ್ಪ ಗೋಂದಿನ ಬಾಟಲಿಗಳನ್ನು ಮತ್ತೊಮ್ಮೆ ಸರಿಸಿ ನೋಡಿದ. ಪ್ಯಾಕೆಟ್ಟು ಹೋದದ್ದು ಒಂದು ಸಂಕಟ, ಆ ಮನುಷ್ಯನ ಪಾಲಾದದ್ದು ಇನ್ನೊಂದು ಸಂಕಟ, ಅದರ ಮೇಲೆ ಹೆಂಡತಿಯ ಬಾಯಲ್ಲಿ ಅವನ ಹೊಗಳಿಕೆ.

ಸಂಗತಿ ಇಷ್ಟು. ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಏಕಾಂತಪ್ಪನದು ಝೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ‘ಕೋಟೆ ಕಾಳಗ’ ಎಂಬ ಆಟದ ಕಾರ್ಡುಗಳನ್ನು ಹುಬ್ಬಳ್ಳಿಯಿಂದ ತರಿಸಿ ಮಾರುತ್ತಿದ್ದವನೂ ಅವನೇ. ಮಕ್ಕಳು ಮೊಬೈಲಿನ ಪಾಲಾದ ಮೇಲೆ, ಉಳಿದ ಕಾರ್ಡುಗಳನ್ನು ಏನು ಮಾಡುವುದೆಂದು ತೋಚದೆ ದೊಡ್ಡವರಿಗೆ ಆಟ ಕಲಿಸಿದ. ಅದು ಅಂಟುಜಾಡ್ಯದ ಹಾಗೆ ಹಬ್ಬಿತು. ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿಯವರೆಲ್ಲ ಭಾನುವಾರ ಬಸ್ಸು ಹತ್ತಿ ಬರತೊಡಗಿದರು. ಈ ಸೀಮೆಗೆ ಆಟ ತಂದ ಭಗೀರಥ ತಾನೇ ಎಂದು ಏಕಾಂತಪ್ಪ ಎರಡು ವರ್ಷ ಮೀಸೆಯ ಮೇಲೆ ಕೈಯಿಟ್ಟುಕೊಂಡು ತಿರುಗಿದ.

ಆಮೇಲೆ ಹರಪನಹಳ್ಳಿಯಿಂದ ಕ್ರಾಂತಿಕುಮಾರ ಬಂದ. ಏಕಾಂತಪ್ಪನ ಅಂಗಡಿಗೆ ಸರಿಯಾಗಿ ಎದುರು, ರಸ್ತೆಯಾಚೆ, ಕನ್ನಡಕದ ಅಂಗಡಿ ತೆರೆದ. ಆಟವನ್ನು ಏಕಾಂತಪ್ಪನಿಂದಲೇ ಕಲಿತ. ಒಂದು ತಿಂಗಳಲ್ಲಿ ಏಕಾಂತಪ್ಪನನ್ನೇ ಸೋಲಿಸಿದ. ಅಂದಿನಿಂದ ಸೋಲಿಸುತ್ತಲೇ ಇದ್ದ, ಅದೂ ಮುಗುಳ್ನಗುತ್ತ.

ಆಟವೊಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಕ್ರಾಂತಿಕುಮಾರ ಬೋರ್ಡಿಗೆ ಒಂದು ಲೈಟು ಹಾಕಿಸಿದರೆ ಏಕಾಂತಪ್ಪ ಎರಡು ಹಾಕಿಸಿದ. ಅವನು ಗಿರಾಕಿ ಕೂರಲು ಸ್ಟೂಲು ಇಟ್ಟರೆ ಇವನು ಬೆಂಚು ಇಟ್ಟ. ಝೆರಾಕ್ಸ್ ಮಾಡಿಸಲು ಬಂದವರು ಯಾಕೆ ಕೂರಬೇಕೆಂದು ಯಾರಿಗೂ ತಿಳಿಯಲಿಲ್ಲ. “ನಂದೇನು ಹೊಟ್ಟಿಕಿಚ್ಚಲ್ಲ, ಆ ಮನಷ್ಯಾನ ಸರಿ ಇಲ್ಲ” ಎಂದು ಏಕಾಂತಪ್ಪ ಕಂಡಕಂಡವರಿಗೆ ಹೇಳುತ್ತಿದ್ದ. ಹೊಟ್ಟೆಕಿಚ್ಚು ಯಾವತ್ತೂ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ.

ಈಗ ಆ ಭಾನುವಾರ ನಾಲ್ಕೂ ತಾಲ್ಲೂಕಿನವರ ಪಂದ್ಯ. ಗೆದ್ದವರ ಮುಖವನ್ನು ಹೊಸ ಕಾರ್ಡಿನ ಮೇಲೆ ಅಚ್ಚು ಹಾಕಿಸುವುದಾಗಿ ಹುಬ್ಬಳ್ಳಿಯ ಕಂಪನಿ ಹೇಳಿತ್ತು. ತಾನು ಗೆಲ್ಲದೇ ಹೋದರೂ ಏಕಾಂತಪ್ಪ ತಡೆದುಕೊಳ್ಳುತ್ತಿದ್ದ. ಆದರೆ ಕ್ರಾಂತಿಕುಮಾರ ಗೆದ್ದನೋ, ಆ ಮುಗುಳ್ನಗೆಯ ಮುಖವನ್ನು ತನ್ನದೇ ಅಂಗಡಿಯಲ್ಲಿ ತೂಗುಹಾಕಿ, ತನ್ನ ಕೈಯಿಂದಲೇ ಮಾರಬೇಕು. ಅದನ್ನು ನೆನೆದು ನಾಲ್ಕು ದಿನದಿಂದ ಅವನಿಗೆ ಅನ್ನ ರುಚಿಸಿರಲಿಲ್ಲ.

ಹಾಗಾಗಿ ಒಂದು ಸಣ್ಣ ಕಳ್ಳಗೆಲಸ ಮಾಡಿದ್ದ. ಪ್ಯಾಕೆಟ್ಟನ್ನು ಟ್ಯೂಬ್‌ಲೈಟಿಗೆ ಹಿಡಿದರೆ, ಒಳಗೆ ಚಿನ್ನದಂಚಿನ ಅಪರೂಪದ ಕಾರ್ಡಿದ್ದರೆ ಸಣ್ಣಗೆ ಮಿಂಚುತ್ತದೆ. ಹೊಸ ಪೆಟ್ಟಿಗೆಯಲ್ಲಿ ಎರಡು ಮಿಂಚಿದವು. ಒಂದನ್ನು ಒಡೆದ. ಒಳಗಿದ್ದವನು ‘ನೆರೆಯ ಪಾಳೇಗಾರ’. ಕೆಳಗೆ ಬರೆದಿತ್ತು: ಎದುರಾಳಿಯ ಕೋಟೆಗೆ ಕಲ್ಲು ಸೇರಿದಾಗಲೆಲ್ಲ ನಿಮ್ಮ ಕೋಟೆಗೂ ಒಂದು ಕಲ್ಲು ಸೇರತಕ್ಕದ್ದು. ತನಗಾಗಿಯೇ ಬರೆದ ಹಾಗಿದ್ದ ಆ ಮಾತನ್ನು ಏಕಾಂತಪ್ಪ ಮೂರು ಸಲ ಓದಿಕೊಂಡ. ಎರಡನೆಯದನ್ನು ಒಡೆಯದೆ ಬಚ್ಚಿಟ್ಟ, ಬೇರೆಯವರಿಗೆ ಸಿಗದಿರಲಿ ಎಂದು. ಸಿಗಬಾರದ ಒಬ್ಬನಿಗೇ ಶೈಲಾ ಅದನ್ನು ಕೊಟ್ಟಿದ್ದಳು.

ಪಂದ್ಯ ನಡೆದದ್ದು ನೀಲಗಂಗಮ್ಮನ ಖಾನಾವಳಿಯ ಮಹಡಿ ಮೇಲೆ. ತೀರ್ಪುಗಾರ ಬೊಮ್ಮಪ್ಪ. ಮೂವತ್ತು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ರಿಟೈರ್ ಆದವನು. ಆಟದ ನಿಯಮದ ಪುಸ್ತಕ ಅವನ ಜೇಬಿನಲ್ಲಿ, ಸೀಟಿ ಅವನ ಕೊರಳಲ್ಲಿ. ಹುಬ್ಬಳ್ಳಿಯ ಕಂಪನಿಯಿಂದ ಪ್ರಬುದ್ಧ ಎಂಬ ತರುಣ ಕ್ಯಾಮೆರಾ ಹಿಡಿದು ಬಂದಿದ್ದ. ಅವನಿಗೆ ನಾಲ್ಕು ಗಂಟೆಯ ಬಸ್ಸಿಗೆ ಹೊರಡಬೇಕಿತ್ತು.

ಆಟ ಸರಳ. ಇಬ್ಬರಿಗೂ ಒಂದೊಂದು ಕೋಟೆ, ಕಲ್ಲುಗಳ ಲೆಕ್ಕಕ್ಕೆ ಹುಣಸೆಬೀಜ. ಎದುರಾಳಿಯ ಕಲ್ಲು ಪೂರ್ತಿ ಕೆಡವಿದವನು ಗೆದ್ದ. ಹೊತ್ತು ಮುಗಿದರೆ ಯಾರ ಕಲ್ಲು ಹೆಚ್ಚೋ ಅವನು ಗೆದ್ದ.

ಬೆಳಗಿನ ಆಟಗಳಲ್ಲಿ ಏಕಾಂತಪ್ಪ ಹೇಗೋ ಗೆಲ್ಲುತ್ತ ಬಂದ. ಸೆಮಿಫೈನಲ್ಲಿಗೆ ಎದುರಾದವಳು ಮಾಗಳದ ಅಂಜಿನಕ್ಕ. ಹೊಲಿಗೆ ಮಿಷನ್ ಇಟ್ಟುಕೊಂಡವಳು, ಆಟದಲ್ಲಿ ಬಲು ಗಟ್ಟಿ. ಅವಳಿಗಾಗಿ ಏಕಾಂತಪ್ಪ ಒಂದು ಉಪಾಯ ಹೊಸೆದಿದ್ದ. ಅವನ ಒಂದು ಕಾರ್ಡು ಕಲ್ಲುಕುಟಿಗ, ಒಂದು ಕಲ್ಲು ಕೊಟ್ಟು ಸುಸ್ತಾಗಿ ಮಲಗುತ್ತಾನೆ. ಇನ್ನೊಂದು ಕಾರ್ಡು ಎತ್ತಿನಗಾಡಿ, ಬೇಕೆಂದರೆ ಅವನನ್ನು ಎಬ್ಬಿಸುತ್ತದೆ. ಎದ್ದ ಕಲ್ಲುಕುಟಿಗ ಗಾಡಿಯನ್ನು ಮತ್ತೆ ಹೂಡುತ್ತಾನೆ. ಮತ್ತೆ ಕಲ್ಲು, ಮತ್ತೆ ಗಾಡಿ.

“ಕಲ್ಲು, ಗಾಡಿ. ಕಲ್ಲು, ಗಾಡಿ,” ಎನ್ನುತ್ತ ಏಕಾಂತಪ್ಪ ಬೀಜ ಇಡತೊಡಗಿದ.

“ಹಿಂಗಾ ಎಷ್ಟೊತ್ತು ಇಡತಿಯಣ್ಣಾ?” ಎಂದಳು ಅಂಜಿನಕ್ಕ. “ಐದೂವರಿಗೆ ನಮ್ಮೂರ ಬಸ್ಸು.”

“ನನಗ ಬೇಕಾದಷ್ಟೊತ್ತು. ಇದಕ್ಕ ಕೊನಿ ಇಲ್ಲಕ್ಕ!”

ಬೊಮ್ಮಪ್ಪ ಸೀಟಿ ಊದಿದ. ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದ. “ಕೊನಿ ಇಲ್ಲದ್ದು ಇದರಾಗ ನಡಿಯಂಗಿಲ್ಲ, ಏಕಾಂತ. ತಿರುಗಿ ತಿರುಗಿ ಅದ ಆಟ ಬಂತು, ನಿಲ್ಲಸೋದು ನಿನ್ನ ಕೈಯಾಗ ಐತಿ ಅಂದ್ರ, ಎಷ್ಟು ಸಲ ಅಂತ ಒಂದು ಸಂಖ್ಯಾ ಹೇಳಬೇಕು. ಅಷ್ಟು ಆತು ಅಂತ ಹಿಡಕೊಂಡು ಮುಂದ ಹೋಗಬೇಕು. ಬಸ್ಸು ಎಷ್ಟು ಗಂಟಿಗೆ ಅಂದ್ರ ‘ಬರತೈತಿ’ ಅಂದ್ರ ನಡಿತೈತೇನು? ಟೈಮ್ ಹೇಳು.”

ಎಷ್ಟು ಬೇಕಾದರೂ ಹೇಳಬಹುದಿತ್ತು. ಸಾವಿರ, ಲಕ್ಷ, ಆಕಾಶದ ಚುಕ್ಕಿಗಳಷ್ಟು. ಆದರೆ ಏಕಾಂತಪ್ಪನ ಕಣ್ಣು ಪಕ್ಕದ ಮೇಜಿನತ್ತ ಹೊರಳಿತು. ಅಲ್ಲಿ ಕ್ರಾಂತಿಕುಮಾರ ಕೊಟ್ಟೂರಿನ ಗುರುಬಸವರಾಜನನ್ನು ಆಗತಾನೆ ಸೋಲಿಸಿ ಎದ್ದಿದ್ದ. ಅವನ ಕೋಟೆ ಎಂಬತ್ತಾರು ಕಲ್ಲಿನದು, ಆ ವರ್ಷದ ದಾಖಲೆ ಎಂದು ಜನ ಬೆನ್ನು ತಟ್ಟುತ್ತಿದ್ದರು.

“ಒಟ್ಟು ಎಂಬತ್ತೇಳು ಕಲ್ಲು ಆಗೋವರೆಗೆ!” ಎಂದು ಏಕಾಂತಪ್ಪ ಎಲ್ಲರಿಗೂ ಕೇಳುವಂತೆ ಕೂಗಿದ.

ಅಂಜಿನಕ್ಕ ಅವನ ಮುಖವನ್ನೇ ನೋಡಿದಳು. ಕೈಯಲ್ಲಿದ್ದ ಮೂರು ಫಿರಂಗಿಗಳನ್ನೂ ಸಾಲಾಗಿ ಇಳಿಸಿ ಎಂಬತ್ತೈದು ಕಲ್ಲು ಕೆಡವಿದಳು. ಎರಡು ಉಳಿದವು. ಅವಳ ಮದ್ದು ಅಲ್ಲಿಗೆ ಮುಗಿದಿದ್ದರಿಂದ ಏಕಾಂತಪ್ಪ ಬದುಕಿ, ಮುಂದಿನ ಸರದಿಗೆ ಗೆದ್ದ.

“ಲಕ್ಷ ಅಂದಿದ್ರ ಏನು ಗಂಟು ಹೋಗ್ತಿತ್ತಣ್ಣಾ ನಿಂದು?” ಎಂದು ಅಂಜಿನಕ್ಕ ಎದ್ದಳು. ಎಂಬತ್ತೇಳನ್ನು ಕ್ರಾಂತಿಕುಮಾರ ಕೇಳಿಸಿಕೊಂಡನೋ ಇಲ್ಲವೋ ಎಂಬ ಚಿಂತೆ ಏಕಾಂತಪ್ಪನಿಗೆ.

ಫೈನಲ್ ಶುರುವಾದಾಗ ಎರಡು ಗಂಟೆ. ಬೊಮ್ಮಪ್ಪನಿಗೆ ಹಸಿವು ತಡೆಯಲಿಲ್ಲ. “ಆಡ್ಕೋತ ಇರ್ರಿ. ಎರಡು ರೊಟ್ಟಿ ತಿಂದು ಬರತೀನಿ. ನಾ ಬರೋತನ ಯಾರೂ ಆಟ ನಿಲ್ಲಸಂಗಿಲ್ಲ,” ಎಂದು ಅಪ್ಪಣೆ ಕೊಟ್ಟು ಕೆಳಗಿಳಿದ.

ಕ್ರಾಂತಿಕುಮಾರ ಮೊದಲ ಸರದಿಗೇ ಏಕಾಂತಪ್ಪನ ಕಲ್ಲುಕುಟಿಗನನ್ನು ಸೆರೆಹಿಡಿದ. “ಎಂಬತ್ತೇಳು ಚೆನ್ನಾಗಿತ್ತು ಏಕಾಂತಣ್ಣ,” ಎಂದ, ಮುಗುಳ್ನಗುತ್ತ. ಅಂದರೆ ಕೇಳಿಸಿಕೊಂಡಿದ್ದ. ಏಕಾಂತಪ್ಪನಿಗೆ ಆ ಗಳಿಗೆಯಲ್ಲೂ ಒಂದು ಕ್ಷಣ ಸಂತೋಷವಾಯಿತು.

ಕ್ರಾಂತಿಕುಮಾರನ ಬಳಿ ಒಬ್ಬ ಗವುಂಡಿ ಇದ್ದ, ಸರದಿಗೊಂದು ಕಲ್ಲು ಕಟ್ಟುವವನು. ಅವನು ಕಟ್ಟಲು ಕೂರುವ ಮೊದಲೇ ಏಕಾಂತಪ್ಪ ತನ್ನ ಪಾಳೇಗಾರನನ್ನು ಮೇಜಿಗೆ ಬಡಿದು ಇಟ್ಟ. “ಇನ್ನ ನೀವು ಎಷ್ಟಾರ ಕಟ್ರಿ. ನೀವು ಒಂದು ಕಟ್ಟಿದ್ರ ನಂದೂ ಒಂದು ಏರತೈತಿ!”

“ಹೌದಾ? ನನ್ನ ಹತ್ರಾನೂ ಒಬ್ಬ ಬಂದಾನೆ, ನೋಡಿ. ಬೆಳಿಗ್ಗೆ ಅಕ್ಕಾರು ಹುಡುಕಿ ಕೊಟ್ರು,” ಎಂದು ಕ್ರಾಂತಿಕುಮಾರ ಚಿನ್ನದಂಚಿನ ಇನ್ನೊಬ್ಬ ಪಾಳೇಗಾರನನ್ನು ಮೆಲ್ಲಗೆ ಇಟ್ಟ.

ಇಬ್ಬರ ಕೋಟೆಯಲ್ಲೂ ಹದಿನಾಲ್ಕು ಕಲ್ಲು. ಗವುಂಡಿ ಒಂದು ಕಲ್ಲು ಕಟ್ಟಿದ. ಕ್ರಾಂತಿಕುಮಾರನಿಗೆ ಸೇರಿತೆಂದು ಏಕಾಂತಪ್ಪನ ಪಾಳೇಗಾರ ಒಂದು ಇಟ್ಟ. ಏಕಾಂತಪ್ಪನಿಗೆ ಸೇರಿತೆಂದು ಕ್ರಾಂತಿಕುಮಾರನ ಪಾಳೇಗಾರ ಒಂದು ಇಟ್ಟ. ಅವನಿಗೆ ಸೇರಿತೆಂದು ಇವನು. ಇವನಿಗೆ ಸೇರಿತೆಂದು ಅವನು. ಬೀಜದ ಬಟ್ಟಲಿಗೆ ನಾಲ್ಕು ಕೈ ಎಡೆಬಿಡದೆ ಹೋಗಿಬರತೊಡಗಿದವು.

ಹುಣಸೆಬೀಜ ಮುಗಿದವು. “ನೀಲಗಂಗಕ್ಕ, ಏನಾರ ಕೊಡ್ರಿ ಲಗೂನ!” ಎಂದು ಜನ ಕೂಗಿದರು. ಶೇಂಗಾ ಬಂತು. ಶೇಂಗಾ ಮುಗಿಯಿತು. ಮಂಡಕ್ಕಿಯ ಚೀಲ ಬಂತು. ಮಂಡಕ್ಕಿ ಫ್ಯಾನಿನ ಗಾಳಿಗೆ ಹಾರುತ್ತದೆಂದು ಫ್ಯಾನು ಆರಿಸಿದರು. ಸೆಕೆಗೆ ಇಬ್ಬರ ಅಂಗಿಯೂ ತೊಯ್ದು ಮೈಗಂಟಿತು.

ನೋಡುತ್ತ ನಿಂತವರಿಗೆ ಊಟದ ಹೊತ್ತು. ಕೊಟ್ಟೂರಿನ ಗುರುಬಸವರಾಜನ ಕೈ ತನ್ನಷ್ಟಕ್ಕೆ ತಾನೇ ಮೇಜಿನ ಮೇಲಿನ ಶೇಂಗಾಕ್ಕೆ ಹೋಯಿತು.

“ಏ ಗುರುಬಸಣ್ಣ, ನನ್ನ ಗ್ವಾಡಿ ತಿನ್ನಬ್ಯಾಡೋ ಮಾರಾಯ!” ಎಂದು ಏಕಾಂತಪ್ಪ ಚೀರಿದ. “ಎಷ್ಟು ತಿಂದಿ?”

“ನಾಕೈದು ಇರಬೇಕು.”

“ಸರಿಯಾಗಿ ಹೇಳು! ನಾಕೋ, ಐದೋ?”

“ಅವರದ್ರಾಗೂ ಅಷ್ಟಾ ತಿಂದು ಬಿಡತೀನಿ, ಸರಿ ಹೋಗತೈತಿ,” ಎಂದು ಗುರುಬಸವರಾಜ ಕ್ರಾಂತಿಕುಮಾರನ ಕೋಟೆಗೂ ಕೈಹಾಕಿದ. ಎಲ್ಲಿಯೂ ಭೇದ ಮಾಡದ ಮನುಷ್ಯ. ಕ್ರಾಂತಿಕುಮಾರನ ಮುಗುಳ್ನಗೆ ಆಗ ಮೊದಲ ಬಾರಿಗೆ ಮಾಯವಾಯಿತು. “ರೀ, ಮುಟ್ಟಬೇಡಿ ಅದನ್ನ!” ಎಂದು ಅವನು ಕೂಗಿದ್ದು ಕೆಳಗಿನ ಖಾನಾವಳಿಗೂ ಕೇಳಿಸಿತು.

ಅಷ್ಟರಲ್ಲಿ ಶೈಲಾ ಅಂಗಡಿಗೆ ಬಾಗಿಲು ಹಾಕಿಕೊಂಡು ಬಂದಳು. ಮಂಡಕ್ಕಿಯ ಎರಡು ಗುಡ್ಡೆಗಳ ನಡುವೆ ಬೆವರುತ್ತ ಕುಳಿತ ಇಬ್ಬರು ಸಂಸಾರಸ್ಥರನ್ನು ಸ್ವಲ್ಪ ಹೊತ್ತು ನೋಡಿದಳು.

“ಇಬ್ರುದೂ ಸಮ ಐತಲ್ರಿ,” ಎಂದಳು. “ಮತ್ತ್ಯಾಕ ಇಡಾಕ ಹತ್ತೀರಿ?”

“ನಿನಗ ತಿಳಿಯಂಗಿಲ್ಲ ಸುಮ್ಕಿರು!” ಎಂದ ಏಕಾಂತಪ್ಪ. ಮಾತಾಡುವ ಭರದಲ್ಲಿ ಲೆಕ್ಕ ತಪ್ಪಿತು. ಮುನ್ನೂರ ತೊಂಬತ್ತೋ ನಾಲ್ಕುನೂರೋ ಎಂದು ಇಬ್ಬರೂ ಜಗಳಕ್ಕೆ ನಿಂತಾಗ ಬೊಮ್ಮಪ್ಪ ತೇಗುತ್ತ ಮೆಟ್ಟಿಲು ಹತ್ತಿ ಬಂದ. ಕಂಡ ದೃಶ್ಯಕ್ಕೆ ದಂಗಾಗಿ ಸೀಟಿ ಊದುವುದನ್ನೇ ಮರೆತ.

“ಕೈ ಎತ್ರಿ ಇಬ್ರೂ!” ಎಂದ ಆಮೇಲೆ. ಎರಡೂ ಕಾರ್ಡು ಓದಿದ. ಪುಸ್ತಕ ತಿರುವಿದ. “ಮುಂಜಾನಿ ಏಕಾಂತಪ್ಪಂದು ‘ಬೇಕೆಂದರೆ’ ಅಂತ ಇತ್ತು. ಅದಕ್ಕ ಸಂಖ್ಯಾ ಕೇಳಿದೆ. ಇದರಾಗ ‘ತಕ್ಕದ್ದು’ ಅಂತ ಐತಿ. ಯಾರೂ ಬ್ಯಾಡ ಅನ್ನಂಗಿಲ್ಲ. ಹಿಂಗಾದ್ರ ಇದು ತಾನಾಗಿ ನಿಲ್ಲಂಗಿಲ್ಲ. ಸಣ್ಣ ರಸ್ತಿಯಾಗ ಎದುರಾ ಬದುರಾ ಎರಡು ಬಸ್ಸು ನಿಂತಂಗ. ಯಾರಾರ ಒಬ್ಬರು ಹಿಂದ ಸರಿಯಾಕಬೇಕು, ಇಲ್ಲಾಂದ್ರ ಆಟ ಸಮ. ಹಿಂದ ಸರಿಯೋ ಕಾರ್ಡು ಯಾರ ಕೈಯಾಗರ ಐತೇನು?”

ಇಬ್ಬರ ಕೈಯಲ್ಲೂ ಇತ್ತು. ಅದರ ಹೆಸರು ‘ಸಂಧಾನ’: ನಿಮ್ಮ ಕೋಟೆಯ ಒಂದು ಕಲ್ಲು ಕೆಡವಿ, ನಿಮ್ಮ ಪಾಳೇಗಾರನನ್ನು ಮನೆಗೆ ಕಳಿಸಿ. ಕಳಿಸಿದವನ ಕೋಟೆ ಎದುರಾಳಿಗಿಂತ ಕೆಳಗಾಗುತ್ತದೆ. ಆಟದ ಹೊತ್ತು ಮುಗಿಯಲು ಹತ್ತು ನಿಮಿಷವಿತ್ತು. ಕೆಳಗಾದವನು ಸೋತಂತೆಯೇ.

“ಏಕಾಂತ, ನೀ ಸರೀತೀಯೇನು?”

ನಾಲ್ಕುನೂರು ಕಲ್ಲಿನಲ್ಲಿ ಒಂದು ಕಲ್ಲು ಕಡಿಮೆ. ಏಕಾಂತಪ್ಪ ಎದುರಿನ ಮುಖವನ್ನು ನೋಡಿದ. ಆ ಮುಖ ತನ್ನ ಅಂಗಡಿಯಲ್ಲಿ ತೂಗುತ್ತಿರುವುದು ಕಣ್ಣಿಗೆ ಕಟ್ಟಿತು. “ಸಾಯೋತನ ಇಲ್ಲ,” ಎಂದ.

“ಕ್ರಾಂತಿಕುಮಾರಪ್ಪ, ನೀವು?”

ಕ್ರಾಂತಿಕುಮಾರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅವನ ಸಮಾಧಾನವೆಲ್ಲ ಬೆವರಿನ ಜೊತೆ ಇಳಿದುಹೋಗಿತ್ತು. “ನಾನ್ಯಾಕೆ ಸರೀಲಿ? ಅವರು ಗೆದ್ರೆ ಅಂಗಡಿ ತುಂಬಾ ಅವರದೇ ಮುಖ ತೂಗು ಹಾಕ್ತಾರೆ. ಬಾಗಿಲು ತೆಗೆದ್ರೆ ಸಾಕು, ನಾನು ದಿನಾ ಅದನ್ನೇ ನೋಡ್ಬೇಕು. ಬೆಂಚು ಇಟ್ಟಿದ್ದು ಸಾಲ್ದಾ ನನ್ನ ಹೊಟ್ಟೆ ಉರಿಸೋಕೆ?”

ಏಕಾಂತಪ್ಪನಿಗೆ ಕಿವಿಗೆ ಜೇನು ಸುರಿದ ಹಾಗಾಯಿತು. ಮೂರು ವರ್ಷದಿಂದ ತಾನೊಬ್ಬನೇ ಬೇಯುತ್ತಿದ್ದೇನೆಂದು ತಿಳಿದಿದ್ದ.

ಬೊಮ್ಮಪ್ಪ ಮೂರು ಸಲ ಕೇಳಿದ. ಇಬ್ಬರೂ ಮೂರು ಸಲ ಒಲ್ಲೆ ಎಂದರು. ಸೀಟಿ ಊದಿ, “ಆಟ ಸಮ. ಇಬ್ರೂ ಗೆದ್ದಂಗ ಅಂತ ಬರಕೊಳ್ರಿ,” ಎಂದ. ಮತ್ತೊಂದು ಆಟ ಆಡಿಸಲು ಹೊತ್ತಿರಲಿಲ್ಲ. ಪ್ರಬುದ್ಧ ಆಗಲೇ ಗಡಿಯಾರ ನೋಡುತ್ತಿದ್ದ.

“ಇಬ್ರುದೂ ಫೋಟೋ ತಗೋತೀನಿ. ಕಾರ್ಡ್ ಹೆಂಗ ಮಾಡಬೇಕಂತ ಆಫೀಸಿನ್ಯಾಗ ನೋಡ್ತಾರ,” ಎಂದ ಅವನು. ಕ್ರಾಂತಿಕುಮಾರ ಜೇಬಿನಿಂದ ಬಂಗಾರದ ಬಣ್ಣದ ಹೊಸ ಕನ್ನಡಕ ತೆಗೆದು ಹಾಕಿಕೊಂಡ. ಅದನ್ನು ಕಂಡು ಏಕಾಂತಪ್ಪ ಬೊಮ್ಮಪ್ಪನ ಮೂಗಿನ ಮೇಲಿದ್ದ ದಪ್ಪ ಕನ್ನಡಕವನ್ನು ಕಿತ್ತು ತಾನು ಹಾಕಿಕೊಂಡ. ಅವನಿಗೆ ಕ್ಯಾಮೆರಾ ಎಲ್ಲಿದೆಯೆಂದೇ ಕಾಣಲಿಲ್ಲ.

ಮನೆಗೆ ಹೋಗುವಾಗ ಏಕಾಂತಪ್ಪ ಹಗುರವಾಗಿದ್ದ. “ಅವನಿಗಿಂತ ಕಡಿಮಿ ಆಗಲಿಲ್ಲ ನೋಡು,” ಎಂದ.

“ಹೆಚ್ಚೂ ಆಗಲಿಲ್ಲಲ್ರಿ,” ಎಂದಳು ಶೈಲಾ.

ಒಂದು ತಿಂಗಳಿಗೆ ಹುಬ್ಬಳ್ಳಿಯಿಂದ ಪಾರ್ಸೆಲ್ ಬಂತು. ಏಕಾಂತಪ್ಪ ಕತ್ತರಿ ಹುಡುಕುವಷ್ಟರಲ್ಲಿ ಶೈಲಾ ಹಲ್ಲಿನಿಂದಲೇ ದಾರ ಕಚ್ಚಿ ಬಿಚ್ಚಿದಳು. ಇಬ್ಬರ ಮುಖಕ್ಕೆ ಎರಡು ಕಾರ್ಡು ಮಾಡುವ ಖರ್ಚು ಬೇಡವೆಂದು ಕಂಪನಿಯವರು ಒಂದರಲ್ಲೇ ಮುಗಿಸಿದ್ದರು. ಇಸ್ಪೀಟಿನ ರಾಜನ ಹಾಗೆ ಇಬ್ಬರೂ ಸೊಂಟದಲ್ಲಿ ಕೂಡಿಕೊಂಡಿದ್ದರು. ಮೇಲೆ ಏಕಾಂತಪ್ಪ, ದಪ್ಪ ಕನ್ನಡಕದೊಳಗೆ ಕಣ್ಣು ಕೋಳಿಮೊಟ್ಟೆಯಷ್ಟಾಗಿ. ಕೆಳಗೆ ತಲೆಕೆಳಗಾಗಿ ಕ್ರಾಂತಿಕುಮಾರ, ಮುಗುಳ್ನಗುತ್ತ.

“ನಾನು ಮ್ಯಾಲ ಅದೀನಿ!” ಎಂದು ಏಕಾಂತಪ್ಪ ಕುಣಿದ.

ಶೈಲಾ ಕಾರ್ಡನ್ನು ತಿರುವಿ ಹಿಡಿದಳು. ಏಕಾಂತಪ್ಪನ ಕುಣಿತ ನಿಂತಿತು. ಹರಿದು ಹಾಕೋಣವೆಂದರೆ ಅದರಲ್ಲೇ ತನ್ನ ಮುಖವೂ ಇತ್ತು.

ಏಕಾಂತಪ್ಪ ಐವತ್ತು ಕಾರ್ಡುಗಳನ್ನು, ಒಂದೊಂದಾಗಿ, ತನ್ನ ಮುಖ ಮೇಲೆ ಬರುವಂತೆ ಅಂಗಡಿಯ ಮುಂದಿನ ಸ್ಟ್ಯಾಂಡಿಗೆ ಸಿಕ್ಕಿಸಿದ. ಚಹಾ ಕುಡಿದು ಬಂದು ನೋಡಿದರೆ ಐವತ್ತೂ ತಿರುಗಿದ್ದವು. ರಸ್ತೆಯಾಚೆ ಕ್ರಾಂತಿಕುಮಾರ ಏನೂ ಅರಿಯದವನ ಹಾಗೆ ಗಾಜು ಒರೆಸುತ್ತಿದ್ದ. ಏಕಾಂತಪ್ಪ ಮತ್ತೆ ತಿರುವಿದ. ಒಂದು ಝೆರಾಕ್ಸ್ ಮಾಡಿ ತಿರುಗುವಷ್ಟರಲ್ಲಿ ಮತ್ತೆ ಆಚೆಯ ಮುಖ ಮೇಲೆ. ಆ ದಿನ ಹನ್ನೊಂದು ಸಲ ಆಯಿತು. ಮರುದಿನ ಹದಿನಾಲ್ಕು. ಬೀದಿಯಲ್ಲಿ ಹೋಗುತ್ತಿದ್ದ ಬೊಮ್ಮಪ್ಪನನ್ನು ಏಕಾಂತಪ್ಪ ತಡೆದು ತೀರ್ಪು ಕೇಳಿದರೆ, “ನಂದು ಮೇಜಿನ ಮ್ಯಾಲಿನ ಆಟಕ್ಕಷ್ಟಾ ರೂಲ್ ಪುಸ್ತಕ, ರಸ್ತಿ ಮ್ಯಾಲಿಂದಕ್ಕಲ್ಲ,” ಎಂದು ಅವನು ಸೈಕಲ್ ತುಳಿದ.

ಆ ವಾರದ ಶುಕ್ರವಾರ ಮಧ್ಯಾಹ್ನ ಮೂರೂವರೆಯಾದರೂ ಏಕಾಂತಪ್ಪ ಊಟಕ್ಕೆ ಏಳಲಿಲ್ಲ. ಶೈಲಾ ಮೂರನೆಯ ಸಲ ಬಂದು ಕರೆದಳು.

“ರೊಟ್ಟಿ ಆರಿ ಚರ್ಮ ಆಗ್ಯಾವ. ಬರ್ರಿ.”

“ಅವನು ಮೊದ್ಲು ಏಳ್ಲಿ,” ಎಂದ ಏಕಾಂತಪ್ಪ, ಸ್ಟ್ಯಾಂಡಿನ ಮೇಲೆ ಕೈಯಿಟ್ಟುಕೊಂಡು.

ಆಚೆ ಕನ್ನಡಕದ ಅಂಗಡಿಯ ಬಾಗಿಲಲ್ಲಿ ಕ್ರಾಂತಿಕುಮಾರನ ಹೆಂಡತಿ ಅಮೃತಾ ನಿಂತಿದ್ದಳು. “ಅವರು ಎದ್ದ ಮೇಲೆ ಬರ್ತೀನಿ ಕಣೆ,” ಎಂಬ ಕ್ರಾಂತಿಕುಮಾರನ ಮಾತು ರಸ್ತೆ ದಾಟಿ ಕೇಳಿಸಿತು.

ಶೈಲಾ ಅಮೃತಾಳ ಮುಖ ನೋಡಿದಳು. ಅಮೃತಾ ಶೈಲಾಳ ಮುಖ ನೋಡಿದಳು. ಶೈಲಾ ರಸ್ತೆ ದಾಟಿ ಹೋಗಿ ಅವಳ ಕೈ ಹಿಡಿದುಕೊಂಡು ಬಂದು, ಗಂಡನ ಪಾಲಿನ ರೊಟ್ಟಿಯನ್ನೂ ಸೇರಿಸಿ ಇಬ್ಬರಿಗೂ ಬಡಿಸಿಕೊಂಡು ಅವಳ ಜೊತೆ ಒಳಗೆ ಊಟಕ್ಕೆ ಕುಳಿತಳು.